ಆರನೇ ಪ್ರಯತ್ನ

ನಮ್ಮ ಕಾಲೇಜಿನಲ್ಲಿ ಮನಃಶಾಸ್ತ್ರಕ್ಕೆ ಒಂದೇ ಕಪಾಟು.
ಅದರೊಳಗೆ ಕನ್ನಡಿ ಚಿತ್ರಣದ ಹಲಗೆ, ಮೂಲೆ ಒಡೆದದ್ದು.
ಮೆದುಳಿನ ಚಾರ್ಟಿನಲ್ಲಿ ಇಲಿ ತಿಂದದ್ದು
ಸರಿಯಾಗಿ ನೆನಪಿನ ಭಾಗವನ್ನೇ, ಅಂತ ಜಗದೇವಿ ನಗುತ್ತಾಳೆ.
ಸ್ಟಾಪ್‌ವಾಚು ಪಿ.ಟಿ. ಮಾಸ್ತರರದು;
ಓಟದ ಪಂದ್ಯವಿದ್ದ ದಿನ ನಮಗೆ ಸಮಯವಿಲ್ಲ.

ಶಹಾಬಾದಿನಲ್ಲಿ ಈ ವಿಷಯ ತಗೊಂಡವರು ಐದೇ ಮಂದಿ.
ಕಿರಾಣಿ ಮಾಣಿಕಪ್ಪ ಕಾಕಾ ಕಣ್ಣು ಮುಚ್ಚಿ ಕೇಳುತ್ತಾನೆ:
"ಹೇಳವ್ವ, ನನ್ನ ಮನಸಿನಾಗ ಏನದ?"
"ನಮ್ಮ ಉದ್ರಿ," ಅನ್ನುತ್ತೇನೆ.

"ಮನಿಯವ್ರನ್ನೇ ಪ್ರಯೋಜ್ಯ ಮಾಡ್ಕೋರಿ,
ಶನಿವಾರ ಒಯ್ದು ಸೋಮವಾರ ತರ್ರಿ," ಅಂದರು ಫರ್ಹತ್ ಮೇಡಂ.
ಹಲಗೆಯನ್ನು ಓಢಣಿಯಲ್ಲಿ ಸುತ್ತಿಕೊಂಡೆ.
ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ದಾಟುವ ತನಕ
ಕನ್ನಡಿಯೊಳಗೆ ಸಿಮೆಂಟಿನ ಬೋಗಿಗಳು
ಬಂದ ಕಡೆಗೇ ಓಡಿದವು.

ಪ್ರಯೋಜ್ಯನ ಹೆಸರು: ಕಾಶಪ್ಪ.
ವಯಸ್ಸು: ನಲವತ್ತೊಂಬತ್ತು, ಅಂದಾಜು.
ಉದ್ಯೋಗ:
ಇಲ್ಲಿ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಬರೆಯಿತು, ಕ್ಷೌರ.
ಸಂಬಂಧ ಅನ್ನುವ ಕಾಲಂ ಇರಲಿಲ್ಲ.

ರವಿವಾರ ರಾತ್ರಿ, ಅಂಗಡಿ ಮುಚ್ಚಿ ಬಂದು, ಫರಸಿಯ ಮೇಲೆ ಕೂತ.
ಕೈ ನೋಡದೆ, ಕನ್ನಡಿ ನೋಡಿಕೊಂಡು
ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲು ನಡೆಸಬೇಕು,
ಗೆರೆ ಮುಟ್ಟಿದರೆ ತಪ್ಪು.
ಮೂವತ್ತು ವರ್ಷ ಕನ್ನಡಿಯ ಎದುರು ದುಡಿದವನಿಗೆ ಇದೇನು ಮಹಾ!
"ನಮ್ಮಪ್ಪನ ಮುಂದ ಯಾರೂ ನಿಂದ್ರಂಗಿಲ್ಲ ನೋಡ್ರಿ"
ಅಂತ ಕ್ಲಾಸಿನಲ್ಲಿ ಸಾರಿ ಬಂದಿದ್ದೆ.

ಮೊದಲ ಸಲ ಒಂಬತ್ತು ತಪ್ಪು. ಎರಡನೆಯದಕ್ಕೆ ಹನ್ನೆರಡು.
ಪ್ರಯತ್ನ ಏರಿದಂತೆ ತಪ್ಪು ಇಳಿಯುತ್ತದೆ, ಎನ್ನುತ್ತದೆ ಪುಸ್ತಕ.
ಹದಿನೇಳು.
ಹತ್ತೊಂಬತ್ತು.
ಐದನೆಯದರಲ್ಲಿ ನಕ್ಷತ್ರಕ್ಕೆ ವಾರದ ಗಡ್ಡ ಬೆಳೆದಿತ್ತು.
ನಾನಾಗಲೇ ಎಣಿಸುವುದು ಬಿಟ್ಟಿದ್ದೆ.
ಪೆನ್ಸಿಲಿನ ಹಿಂದಿನ ತುದಿ, ಅದರ ರಬ್ಬರು,
ಗಾಳಿಯಿಲ್ಲದ ಮನೆಯಲ್ಲಿ ಅಲುಗುತ್ತಿತ್ತು.

ಆಮೇಲೆ ಅಂತರಾವಲೋಕನ ವರದಿ. ನಾಲ್ಕು ಖಾಲಿ ಗೆರೆ.
ಪ್ರಯೋಜ್ಯನಿಗೆ ಏನನ್ನಿಸಿತೆಂದು ಕೇಳಿ ಬರೆಯಬೇಕು.
ಹದಿನೇಳು ವರ್ಷದಲ್ಲಿ ಅಪ್ಪನನ್ನು ನಾನು ಕೇಳಿದ್ದು
ಉಂಡಿಯೇನು, ರೊಕ್ಕ ಅದಾವೇನು, ಎಷ್ಟೊತ್ತಿಗಿ ಬರ್ತಿ.
"ಏನನಿಸ್ತಪ್ಪ?"
ಅವನು ಪೆನ್ಸಿಲನ್ನು ಕತ್ತಿಯಂತೆ ಮಡಚಲು ಹೋದ.
ಅದು ಮಡಚುವ ವಸ್ತುವಲ್ಲ.
"ದೀಪಾವಳಿಯಿಂದ ಹಿಂಗಾಗ್ಯಾದ. ಯಾರಿಗೂ ಖಬರಿಲ್ಲ.
ಗಿರಾಕಿ ಗಲ್ಲದ ಮ್ಯಾಲ ಕಿರಿಬಟ್ಟ ಊರಿದ್ರ ಕೈ ನಿಂದರ್ತದ.
ಈ ಹಾಳಿಗಿ ಗಲ್ಲ ಎಲ್ಲದವ್ವ?"

ಆರನೇ ಪ್ರಯತ್ನ ಪಟ್ಟಿಯಲ್ಲಿಲ್ಲ.
ಹಾಳೆಯ ಮಗ್ಗುಲಿಗೆ ನನ್ನ ಎಡಗೈ ಬೋರಲು ಇಟ್ಟೆ.
ಬಾಗಿಲ ಕಡೆ ಒಮ್ಮೆ ನೋಡಿ
ಕಿರುಬೆರಳನ್ನು ಅದರ ಮೇಲೆ ಊರಿದ.
ಬೆರಳು ಬಿಸಿಯಾಗಿತ್ತು, ಪಟಿಕದ ವಾಸನೆ.
ಗೆರೆ ತಿರುಗಿದಂತೆ ನನ್ನ ಕೈಯೂ ಜರುಗಿತು,
ಅವನ ಕೈಗೆ ದಾರಿ ಬಿಟ್ಟು, ಮತ್ತೆ ಒದಗಿ,
ಐದು ಮೂಲೆ, ಆರು ಮೂಲೆ.
ವಾಚು ನಿಲ್ಲಿಸುವುದು ಮರೆತುಹೋಯಿತು.

ಮೇಡಂ ಕೆಂಪು ಇಂಕಿನಲ್ಲಿ ಬರೆದರು:
ದತ್ತಾಂಶ ತಪ್ಪು. ಬೇರೆ ಪ್ರಯೋಜ್ಯ.
ಜಗದೇವಿ ಕೂತಳು. ಇಪ್ಪತ್ತು, ಹದಿನೈದು, ಹತ್ತು, ಏಳು, ಐದು.
ನಕ್ಷೆ ಚೆಂದ ಬಂತು, ಕ್ವಾರಿಗೆ ಇಳಿಯುವ ದಾರಿಯ ಹಾಗೆ.
ವರದಿ: ಮೊದಲು ಕಷ್ಟವೆನಿಸಿತು, ಆಮೇಲೆ ಸುಲಭ.

ಸೇಡಂನಿಂದ ಬಂದ ಪರೀಕ್ಷಕರು ಕೇಳಿದರು,
ಒಂದು ಕೈ ಕಲಿತದ್ದು ಇನ್ನೊಂದು ಕೈಗೆ ದಾಟುತ್ತದೆಯೇ?
ದಾಟುತ್ತದೆ ಸರ್, ಅಂದೆ.
ಉದಾಹರಣೆ ಪುಸ್ತಕದ್ದನ್ನೇ ಕೊಟ್ಟೆ.

ಮಂಗಳವಾರ ಅಂಗಡಿ ಬಂದ್.
ಮುಂಜಾನೆಯ ಪ್ಯಾಸೆಂಜರಿಗೆ ನಾವಿಬ್ಬರೂ ಕಲಬುರಗಿ ದವಾಖಾನೆಗೆ.
ಚೀಟಿ ಬರೆಯುವವನು ತಲೆ ಎತ್ತದೆ ಕೇಳುತ್ತಾನೆ, ಏನು ತ್ರಾಸು?
ಹೇಳುವುದು ಅವನೋ ನಾನೋ
ಇನ್ನೂ ಮಾತಾಡಿಕೊಂಡಿಲ್ಲ.